ನಿನ್ನ ದೌರ್ಬಲ್ಯವನ್ನು ನನ್ನದೆಂದು ಹೇಳಿದ ದಿನ

ಕದ್ದವಳು ನಾನು, ಹರೀಶ. ನೀನಲ್ಲ.

ಮಲಾಡಿನ ಆ ಆಫೀಸಿನ ಸಂದರ್ಶನದಲ್ಲಿ 'ನಿಮ್ಮ ದೌರ್ಬಲ್ಯವೇನು' ಎಂದು ಕೇಳಿದಾಗ ನಾನು ಕೊಟ್ಟ ಉತ್ತರ ನಿನ್ನದು. ನಿನ್ನ ಬದುಕಿನಿಂದ ಎತ್ತಿಕೊಂಡದ್ದು. ಸ್ವಲ್ಪ ಹೊತ್ತಿನ ನಂತರ ಅದೇ ಕೋಣೆಯಲ್ಲಿ, ಅದೇ ಇಬ್ಬರ ಮುಂದೆ ನೀನು ನಿನ್ನದೇ ಕತೆಯನ್ನು ಹೇಳಿದೆ—ಕಳ್ಳನಾದೆ. ಹತ್ತು ವರ್ಷದ ಮೇಲಾಯಿತು. ಕಳೆದ ತಿಂಗಳವರೆಗೆ ಇದನ್ನು ನಾನು ಯಾರ ಬಳಿಯೂ ಆಡಿರಲಿಲ್ಲ. ನನಗೆ ನಾನೇ ಹೇಳಿಕೊಳ್ಳುವಾಗಲೂ ಒಗೆದು, ಇಸ್ತ್ರಿ ಮಾಡಿ ಹೇಳಿಕೊಂಡಿದ್ದೇನೆ. ಆದ್ದರಿಂದ ಇಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನಾನು ಹೊಲಿದು ಸೇರಿಸಿದ್ದು—ಪ್ರತಿ ಸಾಲಿನಲ್ಲೂ ನಿಂತು ನೋಡಬೇಕಾಗಿದೆ.

ಖಚಿತವಾಗಿ ಗೊತ್ತಿರುವುದರಿಂದ ಶುರುಮಾಡುತ್ತೇನೆ.

ಚೆಂಬೂರಿನ ಕನ್ನಡ ಸಂಘದ ಮೇಲಂತಸ್ತಿನ ಹಾಲ್, ಭಾನುವಾರದ ಬೆಳಗು. ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಿಂದ ನಿವೃತ್ತರಾಗಿದ್ದ ಅನಂತಯ್ಯ ಅಂಕಲ್ ಕೆಲಸ ಹುಡುಕುತ್ತಿದ್ದ ನಮ್ಮಂಥವರನ್ನು ಕೂರಿಸಿಕೊಂಡು ಸಂದರ್ಶನದ ಅಭ್ಯಾಸ ಮಾಡಿಸುತ್ತಿದ್ದರು. ತಾವೇ ಮೇಜಿನ ಹಿಂದೆ ಕೂತು, ನಮ್ಮನ್ನು ಒಬ್ಬೊಬ್ಬರನ್ನಾಗಿ ಬಾಗಿಲ ಹೊರಗೆ ಕಳುಹಿಸಿ ಮತ್ತೆ ಒಳಗೆ ಕರೆಯುತ್ತಿದ್ದರು. ಯಾರಾದರೂ ಚೆನ್ನಾಗಿ ಉತ್ತರಿಸಿದರೆ ಅದನ್ನು ಉಳಿದವರಿಗೆ ಬಾಯಿಪಾಠ ಮಾಡಿಸುತ್ತಿದ್ದರು. ದೌರ್ಬಲ್ಯದ ಪ್ರಶ್ನೆಗೆ ಅವರ ಬಳಿ ಒಂದು ಮಂತ್ರವಿತ್ತು.

"ನೋಡ್ರಪ್ಪಾ, ವೀಕ್‌ನೆಸ್ ಕೇಳಿದ್ರು ಅಂತ ವೀಕ್‌ನೆಸ್ಸೇ ಹೇಳೋಕೆ ಹೋಗ್ಬೇಡಿ. ಯಾವುದಾದ್ರೂ ಒಳ್ಳೇ ಗುಣಕ್ಕೆ ಒಂದು ಹರಕಲು ಶರ್ಟ್ ಹಾಕ್ಸಿ ಕಳ್ಸಿ."

ನಾವೆಲ್ಲ ಹಾಗೇ ಕಳಿಸುತ್ತಿದ್ದೆವು. ನಾನು ಪರ್ಫೆಕ್ಷನಿಸ್ಟ್. ನಾನೂ ಪರ್ಫೆಕ್ಷನಿಸ್ಟ್. ನಾನು ಕೆಲಸ ಹಿಡಿದರೆ ಊಟ ಮರೆಯುತ್ತೇನೆ. ನಿನ್ನ ಸರದಿ ಬಂದಾಗ ನೀನು ಕುರ್ಚಿಯ ತುದಿಯಲ್ಲಿ ಕೂತು, "ಅಂಕಲ್, ನಾವೇ ಊಟ ಮರ್ತ್ರೆ ನಮ್ಮ ಹೋಟ್ಲು ಮುಚ್ಬೇಕಾಗ್ತದೆ" ಎಂದೆ. ಹಾಲಿಗೆ ಹಾಲೇ ನಕ್ಕಿತು. ಅಂಕಲ್ ಕೂಡ.

ನಾನು ನಿನ್ನನ್ನು ಮೊದಲು ಗಮನಿಸಿದ್ದು ಆಗಲೇ—ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅದಕ್ಕೂ ಮೊದಲೇ ಗಮನಿಸಿದ್ದೆ.

ಅಮ್ಮನಿಗೆ ವಾಸನೆ ಹತ್ತಿತ್ತು. "ಗ್ರಾಂಟ್ ರೋಡಲ್ಲಿ ಹೋಟ್ಲಂತೆ ಅವ್ರದ್ದು? ಓದಿದಾನೆ, ಸರಿ. ಆದ್ರೂ ಹೋಟ್ಲಿನೋರು ಹೋಟ್ಲಿನೋರೇ ಕಣೆ" ಎಂದಿದ್ದಳು. ಅಪ್ಪ ಬ್ಯಾಂಕಿನಲ್ಲಿದ್ದರು, ಮೈಸೂರು ಕಡೆಯಿಂದ ಬಂದು ಕಾಲನಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಅದೊಂದು ಮೆಟ್ಟಿಲು ಮೇಲಿರುವ ಭ್ರಮೆ. ನಾನು ಅಮ್ಮನಿಗೆ ಎದುರು ಹೇಳಲಿಲ್ಲ. ಆ ಹೋಟೆಲನ್ನೇ ಮುಂದೆ ನನ್ನದೆಂದು ಹೇಳಿಕೊಳ್ಳುತ್ತೇನೆಂದು ಆಗ ಗೊತ್ತಿರಲಿಲ್ಲ.

ಹಾಲ್ ನಕ್ಕ ಆ ಭಾನುವಾರವೇ ಮಧ್ಯಾಹ್ನ ನೀನು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗದ ಹೊತ್ತು. ಮೇಲೆ ಫ್ಯಾಮಿಲಿ ವಿಭಾಗದಲ್ಲಿ ನಾವಿಬ್ಬರೇ. ಕೆಳಗೆ ಗಲ್ಲಾದಲ್ಲಿ ನಿನ್ನ ಅಪ್ಪ, ರೇಡಿಯೋ. ಇಡ್ಲಿ ತಿಂದೆವೋ ದೋಸೆಯೋ, ನೆನಪಿಲ್ಲ. ನೆನಪಿದೆ ಎಂದು ಒಂದು ತಟ್ಟೆಯನ್ನು ಇಲ್ಲಿ ಇಡುವುದಿಲ್ಲ. ನಿನ್ನ ಮಾತು ಮಾತ್ರ ಇದೆ.

"ನಂದು ನಿಜವಾದ ವೀಕ್‌ನೆಸ್ ಎಂತ ಗೊತ್ತುಂಟಾ? ಯಾರಾದ್ರೂ ಜೋರು ಮಾಡಿದ್ರೆ ತಪ್ಪು ಯಾರದ್ದು ಅಂತ ನೋಡ್ಲಿಕ್ಕೇ ಆಗುದಿಲ್ಲ ನಂಗೆ. ಅಷ್ಟೊತ್ತಿಗೆ ಬಾಯಲ್ಲಿ ಸಾರಿ ಬಂದಾಗಿರ್ತದೆ."

ಕಾಲೇಜಿನ ದಿನಗಳಲ್ಲಿ ಸಂಜೆ ಹೊತ್ತು ನೀನು ಗಲ್ಲಾದಲ್ಲಿ ಕೂರುತ್ತಿದ್ದೆ. ನಿನ್ನ ಅಪ್ಪನ ನಿಯಮ ಒಂದೇ: ಗಿರಾಕಿ ಬೊಬ್ಬೆ ಹಾಕಿದರೆ ಮೊದಲು ಸಾರಿ ಹೇಳು, ಯಾರ ತಪ್ಪೆಂದು ಮತ್ತೆ ನೋಡುವ. ವರ್ಷಗಟ್ಟಲೆ ಹೇಳಿ ಹೇಳಿ ಅದು ಬಾಯಿಗೆ ಹತ್ತಿಬಿಟ್ಟಿತು. 'ಮತ್ತೆ ನೋಡುವ' ಎಂಬ ಭಾಗ ಮಾತ್ರ ಎಲ್ಲೋ ಉದುರಿಹೋಯಿತು. ಸಾಗಾಣಿಕೆ ಕಂಪನಿಯ ನಿನ್ನ ಮೊದಲ ಕೆಲಸ ಹೋದದ್ದೂ ಹಾಗೆಯೇ. ನಾಗಪುರಕ್ಕೆ ಹೋಗಬೇಕಾಗಿದ್ದ ಔಷಧಿಯ ಪೆಟ್ಟಿಗೆಗಳನ್ನು ಯಾರೋ ನಾಶಿಕಕ್ಕೆ ಕಳುಹಿಸಿದ್ದರು. ಮೀಟಿಂಗಿನಲ್ಲಿ ಮ್ಯಾನೇಜರ್ ಕೂಗಾಡಿದರು. ಅವರಿಗೆ ಹತ್ತಿರ ನಿಂತಿದ್ದವನು ನೀನು. 'ಸಾರಿ ಸರ್, ನನ್ನಿಂದಾಯ್ತು' ಎಂದೆ. ಪೆಟ್ಟಿಗೆಗಳನ್ನು ನೀನು ಕಣ್ಣಿನಿಂದಲೂ ನೋಡಿರಲಿಲ್ಲ.

ಹೇಳುತ್ತಾ ನೀನು ನಗುತ್ತಿದ್ದೆ. ನಾನು ನಗಲಿಲ್ಲ. ಒಬ್ಬ ಮನುಷ್ಯ ತನ್ನ ಶರ್ಟಿನ ಗುಂಡಿ ಬಿಚ್ಚಿ ಎದೆಯ ಮೇಲಿನ ಹಳೆಯ ಗಾಯ ತೋರಿಸಿದ ಹಾಗೆ—ಈ ಹೋಲಿಕೆ ಬೇಡ. ನೀನು ಹೇಳಿದೆ, ನಾನು ಕೇಳಿದೆ, ಅಷ್ಟೆ. ಅಲ್ಲಿಯವರೆಗೆ ಯಾರೂ ನನಗೆ ತಮ್ಮ ಬಗ್ಗೆ ಅಷ್ಟು ನಿಜವಾದ ಮಾತು ಹೇಳಿರಲಿಲ್ಲ. ಆಮೇಲೂ ಹೇಳಿಲ್ಲ.

"ಮಲಾಡಲ್ಲಿ ಕೇಳಿದ್ರೆ ನಾನು ಇದನ್ನೇ ಹೇಳುದು. ಇದ್ದದ್ದು ಇದೇ ಅಲ್ವಾ?"

"ಹುಚ್ಚೇನೋ ನಿಂಗೆ? ಅದನ್ನ ಕೇಳಿ ಯಾರಾದ್ರೂ ಕೆಲ್ಸ ಕೊಡ್ತಾರಾ? ಪರ್ಫೆಕ್ಷನಿಸ್ಟ್ ಅಂದು ಎದ್ದು ಬಾ."

ಇಲ್ಲಿ ನಿಲ್ಲಬೇಕು. ನಾನು ಹಾಗೆಂದಾಗ ನೀನು ತಲೆಯಾಡಿಸಿದೆ, 'ಆಯ್ತು, ಹೇಳುವುದಿಲ್ಲ' ಎಂಬಂತೆ—ಈ ತಲೆಯಾಟವನ್ನು ನಾನು ಎಷ್ಟೋ ವರ್ಷ ನಂಬಿಕೊಂಡು ಬಂದೆ. ನೀನು ಬಿಟ್ಟದ್ದನ್ನು ನಾನು ಎತ್ತಿಕೊಂಡೆ, ಎಂದು. ಆದರೆ ಆ ಕ್ಷಣಕ್ಕೆ ಮರಳಿದಾಗಲೆಲ್ಲ ನಿನ್ನ ತಲೆ ಬೇರೆ ಬೇರೆ ರೀತಿಯಲ್ಲಿ ಆಡುತ್ತದೆ. ಒಮ್ಮೆ ಮೆಲ್ಲಗೆ, ಒಮ್ಮೆ ಎರಡು ಸಲ, ಒಮ್ಮೆ ಕಣ್ಣುಮುಚ್ಚಿ. ನಡೆದದ್ದು ಹೀಗೆ ರೂಪ ಬದಲಿಸುವುದಿಲ್ಲ. ನೀನು ತಲೆಯಾಡಿಸಲಿಲ್ಲ, ಹರೀಶ. ಆ ತಲೆಯಾಟವನ್ನು ಮಾಡಿದವಳು ನಾನು.

ನೀನು ಹೇಳಿದ್ದು ಬೇರೆಯೇ. "ಇಬ್ರಿಗೂ ಸಿಕ್ಕಿದ್ರೆ ದಿನಾ ಒಟ್ಟಿಗೆ ಹೋಗ್ಬಹುದು."

"ಒಟ್ಟಿಗೆ ಎಲ್ಲಿ ಬಂತು? ನೀನು ಜನರಲ್, ನಾನು ಲೇಡೀಸ್."

"ಟ್ರೇನು ಒಂದೇ ಅಲ್ವಾ ಮಾರಾಯ್ತಿ?"

ಸಂದರ್ಶನದ ದಿನ ನೀನು ಗ್ರಾಂಟ್ ರೋಡಿನಲ್ಲಿ ಹತ್ತಿದ ಲೋಕಲನ್ನೇ ನಾನು ದಾದರಿನಲ್ಲಿ ಹಿಡಿದೆ. ಮಲಾಡ್ ಬರುವವರೆಗೂ ಒಬ್ಬರಿಗೊಬ್ಬರು ಕಾಣಲಿಲ್ಲ. ಒಂದೇ ಗಾಡಿಯಲ್ಲಿ, ಒಂದೇ ದಿಕ್ಕಿಗೆ. ನನ್ನ ಬದುಕಿನಲ್ಲಿ ನಾನು ಅಷ್ಟು ಹಗುರವಾಗಿದ್ದ ಪ್ರಯಾಣ ಇನ್ನೊಂದಿಲ್ಲ.

ಅದು ಗ್ರಾಹಕರ ದೂರು ಆಲಿಸುವ ವಿಭಾಗದ ಕೆಲಸ. ಖಾಲಿ ಇದ್ದದ್ದು ಒಂದೇ ಜಾಗವೂ ಅಲ್ಲ, ಮೂವರು ಬೇಕಾಗಿದ್ದರು. ನಾನು ಗೆಲ್ಲಲು ನೀನು ಸೋಲಬೇಕಾಗಿರಲಿಲ್ಲ. ಈ ಮಾತನ್ನು ಎಲ್ಲೂ ಅಡಗಿಸದೆ ಇಲ್ಲೇ ಇಡುತ್ತೇನೆ.

ನನ್ನನ್ನು ಮೊದಲು ಕರೆದರು. ಒಳಗೆ ಇಬ್ಬರು: ಕನ್ನಡಕದ ಒಬ್ಬ ಮೇಡಂ, ದೊಡ್ಡ ದನಿಯ ಒಬ್ಬ ಸಾಹೇಬರು. ದೌರ್ಬಲ್ಯದ ಪ್ರಶ್ನೆ ಬಂತು. ನಾನು ಪರ್ಫೆಕ್ಷನಿಸ್ಟ್ ಎಂದೆ. ಮೇಡಂ ಪೆನ್ನು ಕೆಳಗಿಟ್ಟು, "ಬೇಟಾ, ಸುಬಹ್ ಸೇ ಸಬ್ ಪರ್ಫೆಕ್ಷನಿಸ್ಟ್ ಹೀ ಆ ರಹೇ ಹೈಂ" ಎಂದು, ಬೆಳಗಿನಿಂದ ಬಂದವರೆಲ್ಲ ಅದೇ ಹೇಳಿದರೆಂದು ನಕ್ಕರು. ಸಾಹೇಬರೂ ನಕ್ಕರು. "ನಿಜವಾದದ್ದು ಹೇಳಿ," ಎಂದರು.

ನಿಜವಾದದ್ದು. ನಾನು ನನ್ನೊಳಗೆ ಕೈಹಾಕಿದೆ. ಏನೂ ಸಿಗಲಿಲ್ಲ. ಅಪ್ಪ, ಅಮ್ಮ, ಶಾಲೆ, ಅಂಕಪಟ್ಟಿ—ಎಲ್ಲ ಒರೆಸಿಟ್ಟ ಹಾಗೆ ನುಣ್ಣಗೆ. ಅಲ್ಲಿ ಕೈಗೆ ತಗುಲಿದ ನಿಜ ಒಂದೇ, ಅದು ನಿನ್ನದು. ಬಾಯಿ ತೆರೆದೆ. ನಮ್ಮ ಮಾವನದೊಂದು ಹೋಟೆಲ್ ಇದೆ, ಕಾಲೇಜಿನ ದಿನಗಳಲ್ಲಿ ಸಂಜೆ ಹೊತ್ತು ನಾನು ಗಲ್ಲಾದಲ್ಲಿ ಕೂರುತ್ತಿದ್ದೆ… ದಕ್ಷಿಣದ ಹೆಸರಿನವಳು ಹೋಟೆಲು ಎಂದರೆ ಈ ಊರಿನಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನಿನ್ನ ಅಪ್ಪನ ನಿಯಮವನ್ನು ಹೇಳಿದೆ. ನಾಗಪುರ, ನಾಶಿಕ ಬಿಡಲಿಲ್ಲ. ಅದು ನಾನು ಕೆಲಸ ಕಲಿಯುತ್ತಿದ್ದ ಒಂದು ಆಫೀಸಿನಲ್ಲಿ ನಡೆದದ್ದೆಂದೆ. ಕೊನೆಗೆ ಒಂದು ಬಾಲ ಅಂಟಿಸಿದೆ: ಈಗ ಸಾರಿ ಹೇಳಿದ ಮೇಲೆ ನಿಂತು ವಿಚಾರಿಸುವುದನ್ನೂ ಕಲಿತಿದ್ದೇನೆ. ಆ ಬಾಲ ಒಂದೇ ನನ್ನ ಸ್ವಂತದ್ದು. ಅದೂ ಸುಳ್ಳು.

ದೂರು ಕೇಳುವ ಕೆಲಸಕ್ಕೆ ಮೊದಲು ಸಾರಿ ಹೇಳುವ ಹುಡುಗಿ. ಮೇಡಂ ಮುಖ ಅರಳಿತು.

ಇಲ್ಲಿಯವರೆಗಿನದಕ್ಕೆ ಗಾಬರಿ ಎಂಬ ಹೆಸರು ಕೊಡಬಹುದೇನೋ. ಮುಂದಿನದಕ್ಕೆ ಆ ಹೆಸರಿಲ್ಲ. ಅವರು ಚಹಾ ತರಿಸಿಕೊಂಡರು, ನಿನ್ನನ್ನು ಕಾಯಿಸಿದರು. ಹೊರಗಿನ ಸೋಫಾದಲ್ಲಿ ನಾವಿಬ್ಬರೂ ಪಕ್ಕಪಕ್ಕದಲ್ಲಿ ಕೂತೆವು. ನೀನು ಫೈಲನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದೆ.

"ಎಂತೆಲ್ಲ ಕೇಳಿದ್ರು?"

"ಮಾಮೂಲಿ."

"ವೀಕ್‌ನೆಸ್ ಕೇಳಿದ್ರಾ? ನೀ ಎಂತ ಹೇಳಿದ್ದು?"

"ಅದೇ… ಪರ್ಫೆಕ್ಷನಿಸ್ಟ್."

"ಹರಕಲು ಶರ್ಟು!" ಎಂದು ನೀನು ನಕ್ಕೆ.

ಹೇಳಲು ಹೊತ್ತಿತ್ತು. ಒಂದು ವಾಕ್ಯ ಸಾಕಿತ್ತು. 'ಹರೀಶ, ನಾನು ನಿನ್ನದನ್ನು ಹೇಳಿಬಿಟ್ಟೆ, ನೀನು ಬೇರೆ ಏನಾದರೂ ಹೇಳು.' ಆ ವಾಕ್ಯವನ್ನು ನಾನು ಆಮೇಲೆ ಲೋಕಲಿನಲ್ಲಿ, ಅಡುಗೆಮನೆಯಲ್ಲಿ, ಹಲ್ಲುಜ್ಜುವಾಗ—ಎಷ್ಟು ಸಲ ಹೇಳಿದ್ದೇನೋ. ಅವತ್ತು ಹೇಳಲಿಲ್ಲ. ನಿನ್ನ ಮುಖದ ಮೇಲಿದ್ದ ನಗು ಹೋಗುವುದನ್ನು ನೋಡಲು ಮನಸ್ಸಿರಲಿಲ್ಲ—ಹೀಗೆ ಬರೆದು ನೋಡಿದೆ. ಇದೂ ಹರಕಲು ಶರ್ಟೇ. ನನಗೆ ಕೆಲಸ ಬೇಕಿತ್ತು, ನಿನ್ನ ಕಣ್ಣಿನಲ್ಲಿ ಒಳ್ಳೆಯವಳಾಗಿಯೂ ಇರಬೇಕಿತ್ತು.

ನೀನು ಒಳಗೆ ಹೋದೆ. ಬೇಗನೆ ಬಂದೆ. ನನ್ನ ಕಡೆ ನೋಡದೆ ನೀರಿನ ಯಂತ್ರದ ಬಳಿ ಹೋಗಿ ನಿಂತೆ. ಅವರು ನನ್ನನ್ನು ಮತ್ತೆ ಕರೆದು, ಕೆಲಸ ನಿನ್ನದೆಂದರು.

"ನಿನ್ನ ದೋಸ್ತ್ ನಿನ್ನ ಉತ್ತರವನ್ನೇ ಒಪ್ಪಿಸಿದ, ಹೋಟೆಲ್ ಸಮೇತ!" ಸಾಹೇಬರು ಹಿಂದಿಯಲ್ಲಿ ಹೇಳಿ ಮೇಜು ತಟ್ಟಿದರು. "ನಾನು ಸ್ವಲ್ಪ ಗದರಿದೆ, ಈ ಕಹಾನಿ ಯಾರದಪ್ಪಾ ಅಂತ. ಕೂಡಲೇ 'ಸಾರಿ ಸರ್, ನನ್ನ ತಪ್ಪು' ಅಂದುಬಿಟ್ಟ. ಒಪ್ಪಿಕೊಂಡನಲ್ಲ, ಅಷ್ಟಾದರೂ ಒಳ್ಳೆಯದು."

"ಸಜ್ಜನ ಹುಡುಗ," ಎಂದರು ಮೇಡಂ. "ಆದರೆ ತನ್ನದು ಅಂತ ಏನೂ ಇಲ್ಲ."

ನಾನು ಬರೀ ಹೇಳಿದ್ದನ್ನು ನೀನು ಅವರ ಕಣ್ಣೆದುರಿಗೇ ಮಾಡಿ ತೋರಿಸಿದ್ದೆ. ಆ ಕಟ್ಟಡದಲ್ಲಿ ಅದನ್ನು ಗುರುತಿಸಬಲ್ಲವಳು ಒಬ್ಬಳೇ ಇದ್ದಳು. ಅವಳು ಅವರ ಜೊತೆ ಸೇರಿ ನಕ್ಕಳು.

ಕದ್ದದ್ದೇ ನನ್ನ ದೊಡ್ಡ ತಪ್ಪೆಂಬಂತೆ ಶುರುಮಾಡಿದೆ. ಅಲ್ಲ. ಅದು ಮಲಾಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಡೆಯಿತು.

ಗಾಡಿ ಬರುವುದರಲ್ಲಿತ್ತು. ನೀನು ಹಳಿಗಳ ಕಡೆ ನೋಡುತ್ತಾ, ಯಾವ ಸಿಟ್ಟೂ ಇಲ್ಲದೆ, "ನಿಂಗೆ ಅದು ಬೇಕಿದ್ರೆ ಕೇಳ್ಬಹುದಿತ್ತಲ್ಲ. ನಾನು ಬೇರೆ ಎಂತಾದ್ರೂ ಹೇಳ್ತಿದ್ದೆ" ಎಂದೆ.

ನೀನು ಕೊಟ್ಟುಬಿಡುತ್ತಿದ್ದೆ. ಅದು ನನಗೆ ಆಗಲೂ ಗೊತ್ತಿತ್ತು. ಕೇಳಿದ್ದರೆ ನಗುನಗುತ್ತಾ ಕೊಟ್ಟು, ನೀನು ಊಟ ಮರೆಯುವವನಾಗುತ್ತಿದ್ದೆ.

"ಏನು ಬೇಕಿದ್ರೆ? ಏನೋ ಹೇಳ್ತಿದೀಯ ನೀನು?" ನನ್ನ ದನಿ ಏರಿತು. ಅದು ತಾನಾಗಿ ಏರಲಿಲ್ಲ, ಹರೀಶ. ನಾನು ಏರಿಸಿದೆ. ಜೋರು ಮಾಡಿದರೆ ನಿನಗೆ ಏನಾಗುತ್ತದೆಂದು ನನಗೆ ನೀನೇ ಹೇಳಿಕೊಟ್ಟಿದ್ದೆ. "ನಾನು ಕದ್ದೆ ಅಂತಿದೀಯಾ? ನಂಗೆ ಸಿಕ್ತು, ನಿಂಗೆ ಸಿಗ್ಲಿಲ್ಲ ಅಂತ ಹೊಟ್ಟೆಕಿಚ್ಚಾ?" ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನಿನ್ನ ಮುಖದಲ್ಲಿ ಏನೋ ಮುಚ್ಚಿಕೊಂಡಿತು.

"ಸಾರಿ," ಎಂದೆ ನೀನು. "ನಂದೇ ತಪ್ಪು."

ಗಾಡಿ ಬಂತು. ನೀನು ಜನರಲ್ ಕಡೆ ಹೋದೆ, ನಾನು ಲೇಡೀಸ್ ಕಡೆ. ದಾದರಿನಲ್ಲಿ ಇಳಿದು ನಿಂತಾಗ ಬಾಗಿಲಿನಲ್ಲಿ ನಿನ್ನ ಕೈ ಕಂಡಿತು, ಬೀಸಿದಂತೆ—ಇಲ್ಲ. ಜನ ಕಂಡರು. ಕೈಯನ್ನು ನಾನು ಆಮೇಲೆ ಇಟ್ಟದ್ದು. ಈಗ ತೆಗೆಯುತ್ತಿದ್ದೇನೆ.

ಮುಂದಿನ ಭಾನುವಾರ ನಾನು ಪೇಢೆಯ ಡಬ್ಬಿ ಹಿಡಿದು ಸಂಘಕ್ಕೆ ಹೋದೆ. ಅಭ್ಯರ್ಥಿಗಳನ್ನು ಕಳುಹಿಸುವ ಏಜೆನ್ಸಿಯವರಿಂದ ಸುದ್ದಿ, ನನ್ನ ಉತ್ತರದ ಸಮೇತ, ಅಂಕಲ್‌ಗೆ ಮುಟ್ಟಿತ್ತು. ಹೆಸರೆತ್ತದೆ, ನಿನ್ನನ್ನೇ ನೋಡುತ್ತಾ, "ಇನ್ನೊಬ್ರ ಉತ್ತರ ಕಾಪಿ ಹೊಡ್ದು ಸಂಘದ ಮರ್ಯಾದೆ ಕಳೆಯೋರು ಇಲ್ಲಿಗೆ ಬರೋದೇ ಬೇಡ" ಎಂದು ಗುಡುಗಿದರು. ನೀನು ಎದ್ದು ನಿಂತೆ. ಏನು ಹೇಳಿದೆ ಎಂದು ಬರೆಯಬೇಕಾಗಿಲ್ಲ. ಮೆಟ್ಟಿಲಿಳಿಯುವ ನಿನ್ನ ಚಪ್ಪಲಿಯ ಸದ್ದು ಕೇಳುತ್ತಿರುವಾಗಲೇ ಯಾರೋ ನನ್ನ ಕೈಯಿಂದ ಪೇಢೆ ತೆಗೆದುಕೊಂಡು 'ಕಂಗ್ರಾಟ್ಸ್' ಎಂದರು.

ಆಮೇಲೆ ನೀನು ಸಂಘಕ್ಕೆ ಬರಲಿಲ್ಲ. ಬೇರೆ ಸಂದರ್ಶನಗಳಿಗೂ ಹೋಗಲಿಲ್ಲವಂತೆ. ಅಪ್ಪನ ಮೊಣಕಾಲು ನೋವು ಹೆಚ್ಚಾದಾಗ ಗಲ್ಲಾದಲ್ಲಿ ಕೂತೆಯಂತೆ. ಫೋನು ಮಾಡಿದರೆ ಎತ್ತುತ್ತಿದ್ದೆ, "ಹಾಂ ಶೈಲಾ, ಹೇಳಿ" ಎನ್ನುತ್ತಿದ್ದೆ. ಆ 'ಹೇಳಿ' ಕೇಳಿದ ಮೇಲೆ ನಾನು ಫೋನು ಮಾಡುವುದನ್ನು ಬಿಟ್ಟೆ. ಈಗ ನನ್ನನ್ನು ಮೇಡಂ ಎನ್ನುತ್ತಾರೆ, ಮ್ಯಾಮ್ ಎನ್ನುತ್ತಾರೆ, ತಾಯಿ ಎನ್ನುವ ರಿಕ್ಷಾದವರಿದ್ದಾರೆ. ಮಾರಾಯ್ತಿ ಎನ್ನುವವರು ಒಬ್ಬರೂ ಇಲ್ಲ. ಕೆಲಸದ ಮೇಲೆ ಚರ್ಚ್‌ಗೇಟ್ ಕಡೆ ಹೋಗಬೇಕಾದಾಗಲೆಲ್ಲ ಗ್ರಾಂಟ್ ರೋಡಿನಲ್ಲಿ ಗಾಡಿ ನಿಲ್ಲುತ್ತದೆ. ನಾನು ಬಾಗಿಲ ಬಳಿ ಬರುತ್ತೇನೆ. ಇಳಿಯುವವರಿಗೆ ದಾರಿ ಬಿಡುತ್ತೇನೆ. ಗಾಡಿ ಹೊರಡುತ್ತದೆ. ಪ್ರೀತಿ ಎಂಬ ಪದವನ್ನು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ಅದನ್ನು ಬಳಸುವ ಹಕ್ಕು ನನಗಿಲ್ಲ. ಆದರೆ ಇನ್ನೊಂದು ಪದ ಹುಡುಕಿದರೂ ಸಿಗುತ್ತಿಲ್ಲ.

ಕಳೆದ ತಿಂಗಳು ಹೀಗಾಯಿತು. ಅದೇ ಕಂಪನಿಯಲ್ಲಿ ಈಗ ಮೇಜಿನ ಈಚೆ ಕೂರುವವಳು ನಾನು. ಚೆಂಬೂರಿನಿಂದ ಒಬ್ಬ ಹುಡುಗಿ ಬಂದಿದ್ದಳು. ನನ್ನ ಸಹೋದ್ಯೋಗಿ ದೌರ್ಬಲ್ಯ ಕೇಳಿದರು. ಅವಳು ಉಸಿರು ಎಳೆದುಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದಳು: ನನ್ನ ಮಾವನದೊಂದು ಹೋಟೆಲ್ ಇದೆ. ಸಂಜೆ ಹೊತ್ತು ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಗಿರಾಕಿ ಕೂಗಾಡಿದರೆ ಮೊದಲು ಸಾರಿ ಹೇಳು ಎಂಬುದು ಮಾವನ ನಿಯಮ…

ನಾನು ಅಂಟಿಸಿದ ಬಾಲವೂ ಇತ್ತು.

ನಾನು ಕನ್ನಡದಲ್ಲಿ ಕೇಳಿದೆ, "ಯಾವ ಹೋಟೆಲಮ್ಮಾ?"

ಅವಳು ಪೆಚ್ಚಾಗಿ, ಮುರುಕು ಕನ್ನಡದಲ್ಲಿ ಹೇಳಿದಳು. "ಮ್ಯಾಮ್, ಆಕ್ಚುವಲೀ… ಹೋಟೆಲ್ ಇಲ್ಲ. ನಮ್ಮ ಸಂಘದಲ್ಲಿ ಒಬ್ರು ಅಂಕಲ್ ಕಲಿಸ್ತಾರೆ. ಯಾರೋ ಶೈಲಾ ಅಂತ… ಅವರು ಈ ಆನ್ಸರ್ ಮೇಲೆ ಸೆಲೆಕ್ಟ್ ಆಗಿದ್ದು. ನಾವು ಎಲ್ಲಾ ಅದೇ ಪ್ರಾಕ್ಟೀಸ್ ಮಾಡ್ತದೆ, ಮ್ಯಾಮ್."

ಎಲ್ಲಾ. ಇಷ್ಟು ವರ್ಷ. ನಿನ್ನ ಅಪ್ಪನ ಮಾತು ನನ್ನ ಹೆಸರಿನಲ್ಲಿ, ಯಾರ್‍ಯಾರ ಬಾಯಲ್ಲೋ, ಈ ಊರಿನ ಎಷ್ಟು ಆಫೀಸುಗಳಲ್ಲೋ. ಅದನ್ನು ಹೇಳುವಂತಿಲ್ಲದವನು ಒಬ್ಬನೇ ಒಬ್ಬ—ನೀನು. ಆಗಲೂ ನಾನು ಹುಡುಗಿಗೆ 'ಆ ಶೈಲಾ ನಾನೇ' ಎನ್ನಲಿಲ್ಲ. ಪಕ್ಕದಲ್ಲಿ ಸಹೋದ್ಯೋಗಿ ಇದ್ದರು. ಥ್ಯಾಂಕ್ಯೂ ಎಂದು ಕಳುಹಿಸಿದೆ.

ಆ ಭಾನುವಾರ ಅನಂತಯ್ಯ ಅಂಕಲ್ ಮನೆಗೆ ಹೋದೆ. ತುಂಬ ಹಣ್ಣಾಗಿದ್ದಾರೆ. ನಿನ್ನ ಹೆಸರು ಹೇಳಿದೆ.

"ಹರೀಶನಾ? ಅವ್ನು ಕಾಪಿ ಹೊಡ್ದ ಹುಡುಗ ಅಲ್ವೇನಮ್ಮ?"

"ಅಲ್ಲ ಅಂಕಲ್. ಹೊಡೆದವಳು ನಾನು."

ಎಲ್ಲವನ್ನೂ ಹೇಳಿದೆ. ಪ್ಲಾಟ್‌ಫಾರ್ಮಿನದನ್ನೂ. ಅವರು ನನ್ನ ಕೈಮೇಲೆ ಕೈಯಿಟ್ಟು, "ಹೋಗ್ಲಿ ಬಿಡು. ಅವ್ನು ಆರಾಮಾಗಿದಾನೆ, ನೀನೂ ಆರಾಮಾಗಿದೀಯ. ಈಗ ಕೆದಕಿ ಏನಾಗ್ಬೇಕು?" ಎಂದರು.

ನಿನ್ನ ಹೆಸರು ಕೆಟ್ಟದ್ದು ನಮ್ಮ ಜನರ ನಡುವೆ. ಆದ್ದರಿಂದ ಅವರೆಲ್ಲ ಓದುವ ಪತ್ರಿಕೆಯಲ್ಲಿ, ನನ್ನ ಹೆಸರು ಹಾಕಿ ಇದನ್ನು ಬರೆದಿದ್ದೇನೆ. ಇನ್ನೊಂದು ಕಾರಣವೂ ಇದೆ. ಎದುರಿಗೆ ಬಂದು ಅಳುತ್ತಾ ಹೇಳಿದರೆ ನೀನು ನನ್ನ ಮಾತು ಮುಗಿಯುವ ಮೊದಲೇ 'ಸಾರಿ' ಎಂದುಬಿಡುತ್ತೀಯ. ಅದನ್ನು ಇನ್ನೊಮ್ಮೆ ನಿನ್ನಿಂದ ತೆಗೆದುಕೊಳ್ಳಲಾರೆ. ಅಚ್ಚಾದದ್ದಕ್ಕೆ ನೀನು ಅಡ್ಡ ಮಾತಾಡುವಂತಿಲ್ಲ. ಪೂರ್ತಿ ಓದಲೇಬೇಕು.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಕೊಡುತ್ತೀಯ, ಅದೂ ಒಂದು ಕಳ್ಳತನವಾಗುತ್ತದೆ.

ಇದು ಅಚ್ಚಾದ ಮೇಲಿನ ಭಾನುವಾರ ನಾನು ಗ್ರಾಂಟ್ ರೋಡಿನಲ್ಲಿ ಇಳಿಯುತ್ತೇನೆ. ಊಟದ ಹೊತ್ತಿಗೇ ಬರುತ್ತೇನೆ, ಎಲ್ಲ ಮೇಜುಗಳೂ ತುಂಬಿರುವಾಗ. ನಿನಗೆ ಏನನ್ನಿಸುತ್ತದೋ ಅದನ್ನು ಹೇಳು. ರೇಗು, ಹರೀಶ. ಎಷ್ಟು ಜೋರಾಗಿ ಬೇಕೋ ಅಷ್ಟು. ಸಾಂಬಾರು ಬಡಿಸುವವರು ನಿಲ್ಲಲಿ, ಗಿರಾಕಿಗಳು ತಿರುಗಿ ನೋಡಲಿ. ನಿನಗೆ ಅಭ್ಯಾಸವಿಲ್ಲ, ಮೊದಮೊದಲು ದನಿ ಬರಲಿಕ್ಕಿಲ್ಲ. ಅವಸರವಿಲ್ಲ.

ನಾನು ನಿಂತಿರುತ್ತೇನೆ.